ಸೇವಂತಿಗೆಗೆ ಕತ್ತಲೆ ಬೇಕು

ಕೇಳುಗರಿಗೆಲ್ಲ ನಮಸ್ಕಾರ. ರಾತ್ರಿ ಹೊತ್ತು ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರದ ಕಡೆ ಬಸ್ಸಿನಲ್ಲಿ ಹೋದವರು ನೋಡಿರುತ್ತೀರಿ. ಸುತ್ತ ಗವ್ವೆನ್ನುವ ಕತ್ತಲು, ನಡುವೆ ಒಂದು ಹೊಲದಲ್ಲಿ ಮಾತ್ರ ಸಾಲುಸಾಲಾಗಿ ಬಲ್ಬು. ಯಾವುದೋ ಜಾತ್ರೆ ಇರಬೇಕು ಅನ್ನಿಸುತ್ತದೆ. ಹತ್ತಿರ ಹೋದರೆ ಒಂದು ನರಪಿಳ್ಳೆಯೂ ಇಲ್ಲ, ಇರುವುದೆಲ್ಲ ಗೇಣುದ್ದದ ಸೇವಂತಿಗೆ ಗಿಡ. ಹೂ ಬೇಗ ಬರಲಿ ಅಂತ ದೀಪ ಹಾಕಿದ್ದಾರೆ ಎಂದುಕೊಳ್ಳುವವರೇ ಜಾಸ್ತಿ. ಆದರೆ ರೈತರು ಹಾಗೆ ಮಾಡುವುದು ಇಷ್ಟು ಬೇಗ ಹೂ ಬರದಿರಲಿ ಅಂತ.

ಸೇವಂತಿಗೆ ರಾತ್ರಿಯ ಉದ್ದ ನೋಡಿ ಮೊಗ್ಗು ಕಟ್ಟುವ ಗಿಡ. ಹಗಲು ಸುಮಾರು ಹದಿಮೂರೂವರೆ ಗಂಟೆಗಿಂತ ಕಡಿಮೆಯಾಯಿತು ಅಂದರೆ ಹೆಚ್ಚಿನ ತಳಿಗಳು ಬೆಳೆಯುವುದನ್ನು ಬಿಟ್ಟು ಮೊಗ್ಗಿನ ಕಡೆ ತಿರುಗುತ್ತವೆ. ಇದರ ತವರು ಚೀನಾ. ಅಲ್ಲಿ ಬೇಸಿಗೆಯ ಹಗಲು ಉದ್ದ, ಗಿಡ ಚೆನ್ನಾಗಿ ಪೊದೆಯಾಗಿ ಬೆಳೆದು, ಹಗಲು ಕುಗ್ಗಿದ ಮೇಲೆ ಹೂ ಬಿಡುತ್ತದೆ. ನಮ್ಮ ಬೆಂಗಳೂರಿನ ಸುತ್ತ ನೋಡಿ, ಜೂನ್ ತಿಂಗಳಲ್ಲೂ ಹಗಲು 13 ಗಂಟೆ ಮುಟ್ಟುವುದಿಲ್ಲ. ಹಾಗಾಗಿ ಇಲ್ಲಿ ನೆಟ್ಟ ಸಸಿ ಇನ್ನೂ ಚಿಕ್ಕದಿರುವಾಗಲೇ ಮೊಗ್ಗು ಹಾಕಿ ಕೂತುಬಿಡುತ್ತದೆ. ನಾಲ್ಕು ಹೂ ಬಿಟ್ಟು ಮುಗೀತು ಅಂದರೆ ರೈತನಿಗೆ ಏನು ಗಿಟ್ಟುತ್ತೆ? ಅದಕ್ಕೇ ನಡುರಾತ್ರಿ ಕೆಲವು ಗಂಟೆ ಬಲ್ಬು ಉರಿಸುತ್ತಾರೆ. ರಾತ್ರಿಯಿಡೀ ಬೇಕಾಗಿಲ್ಲ, ಉದ್ದ ಕತ್ತಲೆಯನ್ನು ಮಧ್ಯದಲ್ಲಿ ತುಂಡು ಮಾಡಿದರೆ ಸಾಕು, ಗಿಡಕ್ಕೆ ಅದು ಎರಡು ಗಿಡ್ಡ ರಾತ್ರಿ. ಅಷ್ಟು ದಿನ ಅದು ಸುಮ್ನೆ ಎಲೆ, ರೆಂಬೆ ಬೆಳೆಸಿಕೊಂಡಿರುತ್ತದೆ.

ದೀಪ ಆರಿಸಿದ ಮೇಲೆ ತಳಿ ನೋಡಿಕೊಂಡು ಎರಡು, ಎರಡೂವರೆ ತಿಂಗಳಿಗೆ ಹೂ ಕೊಯ್ಲಿಗೆ ಬರುತ್ತದೆ. ಈಗ ಲೆಕ್ಕ ಹಾಕಿ. ವರಮಹಾಲಕ್ಷ್ಮಿ ಹಬ್ಬಕ್ಕೆ ಹೂ ಬೇಕು ಅಂದರೆ ದೀಪ ಯಾವಾಗ ಆರಿಸಬೇಕು, ಅದಕ್ಕೂ ಮುಂಚೆ ಸಸಿ ಯಾವಾಗ ನೆಡಬೇಕು ಅಂತ ಕ್ಯಾಲೆಂಡರ್ ಹಿಡಿದು ಹಿಂದಕ್ಕೆ ಎಣಿಸಿಕೊಂಡು ಬರಬೇಕು. ಹಬ್ಬದ ಹಿಂದಿನ ದಿನ ಕೆ.ಆರ್. ಮಾರ್ಕೆಟ್ಟಿನಲ್ಲಿ ಇರುವ ರೇಟು ಹಬ್ಬದ ಮಾರನೇ ದಿನ ಇರಲ್ಲ, ಅದು ನಿಮಗೂ ಗೊತ್ತು. ನಾಟಿ ತಳಿಗಳಿಗೆ ಈ ರಗಳೆ ಕಡಿಮೆ. ಮಳೆಗಾಲದಲ್ಲಿ ಬೆಳೆದು ದಸರಾ, ದೀಪಾವಳಿ ಹೊತ್ತಿಗೆ ತಾವಾಗಿಯೇ ಅರಳುತ್ತವೆ. ಆದರೆ ಆಗ ಎಲ್ಲರ ಹೂವೂ ಒಟ್ಟಿಗೇ ಬರುತ್ತದೆ!

ಬೇಸಾಯ ಅಷ್ಟೇನೂ ಕಷ್ಟದ್ದಲ್ಲ. ಬೀಜ ಹಾಕುವ ಗೋಜಿಲ್ಲ, ಬುಡದಲ್ಲಿ ಬರುವ ಕಂದು ಬಿಡಿಸಿ ನೆಡಬಹುದು, ಇಲ್ಲವೇ ಕುಡಿ ಕತ್ತರಿಸಿ ಮರಳಲ್ಲಿ ಬೇರು ಬರಿಸಬಹುದು. ಗಿಡದಿಂದ ಗಿಡಕ್ಕೆ ಒಂದು ಅಡಿ. ನೀರು ಮಾತ್ರ ನಿಲ್ಲಬಾರದು, ನಿಂತರೆ ಬೇರು ಕೊಳೆಯುತ್ತದೆ, ಅದಕ್ಕೇ ಏರುಮಡಿ ಮಾಡುವುದು. ನೆಟ್ಟ ಒಂದು ತಿಂಗಳಿಗೆ ಕುಡಿ ಚಿವುಟಬೇಕು. ಚೆನ್ನಾಗಿ ಚಿಗುರಿದ ತುದಿಯನ್ನು ಚಿವುಟಲು ಕೆಲವರಿಗೆ ಮನಸ್ಸೇ ಬರಲ್ಲ. ಚಿವುಟದಿದ್ದರೆ ಗಿಡ ಕಡ್ಡಿಯ ಹಾಗೆ ಮೇಲೆದ್ದು ಬೀಳುತ್ತದೆ, ಚಿವುಟಿದರೆ ಪಕ್ಕದ ಕಣ್ಣುಗಳು ಒಡೆದು ಪೊದೆಯಾಗುತ್ತದೆ. ಹೂವೆಲ್ಲ ಬರುವುದು ಆ ಪಕ್ಕದ ರೆಂಬೆಗಳಲ್ಲೇ.

ಒಂದು ಸೇವಂತಿಗೆ ಕೈಗೆ ತೆಗೆದುಕೊಂಡು ಎಸಳು ಕಿತ್ತು ನೋಡಿ. ಬುಡ ಸಣ್ಣ ಕೊಳವೆಯಾಗಿ ಸುತ್ತಿಕೊಂಡಿರುತ್ತದೆ. ಒಂದೊಂದು ಎಸಳೂ ಒಂದೊಂದು ಹೂವೇ, ನಾವು ಹೂ ಅನ್ನುವುದು ಅವುಗಳ ಗೊಂಚಲನ್ನು. ಸೂರ್ಯಕಾಂತಿ, ಚೆಂಡು ಹೂ, ಡೇರೆ ಎಲ್ಲ ಇದೇ ಕುಟುಂಬ. ರಸ್ತೆ ಬದಿಯ ಕಾಂಗ್ರೆಸ್ ಗಿಡವೂ ಇದರ ನೆಂಟನೇ. ಹಾಗಾಗಿ ಕಾಂಗ್ರೆಸ್ ಗಿಡ ತಾಕಿದರೆ ಮೈ ತುರಿಸುವವರಲ್ಲಿ ಕೆಲವರಿಗೆ ಸೇವಂತಿಗೆಯೂ ಆಗಿಬರುವುದಿಲ್ಲ. ಹೂ ಕಟ್ಟುವವರ ಬೆರಳು ಒಡೆದು ತುರಿಕೆಯಾಗುತ್ತಿದ್ದರೆ ಚಳಿಗೆ ಅಂತ ಸುಮ್ಮನಿರಬೇಡಿ, ಚರ್ಮದ ಡಾಕ್ಟರಿಗೆ ತೋರಿಸಿ.

ಇನ್ನು ಮನೆಯಲ್ಲಿ ಕುಂಡದಲ್ಲಿ ಬೆಳೆಸುವವರಿಗೆ. ನರ್ಸರಿಯಿಂದ ತಂದ ಗಿಡ ಹೂ ಮುಗಿದ ಮೇಲೆ ಒಣಗಿದ ಹಾಗೆ ಕಾಣುತ್ತದೆ, ಎಸೆಯಬೇಡಿ. ನಾಲ್ಕು ಬೆರಳು ಬಿಟ್ಟು ಕತ್ತರಿಸಿ, ಬುಡದಲ್ಲಿ ಕಂದು ಬರುತ್ತವೆ, ಅವನ್ನು ಬೇರೆ ಕುಂಡಕ್ಕೆ ನೆಡಿ. ಹೊಸ ಗಿಡ ಅಮ್ಮನಿಗಿಂತ ಎತ್ತರವಾದರೆ ಗಾಬರಿ ಬೇಡ. ನರ್ಸರಿಯವರು ಗಿಡ ಕುಳ್ಳಗಿರಲಿ ಅಂತ ಸಾಮಾನ್ಯವಾಗಿ ಔಷಧಿ ಹೊಡೆದಿರುತ್ತಾರೆ, ಅದರ ಪ್ರಭಾವ ಮುಗಿದಿರುತ್ತದೆ, ಒಂದು ಕೋಲು ಕಟ್ಟಿದರಾಯಿತು. ಹೇನು ಹತ್ತಿದರೆ ನೀರನ್ನು ಜೋರಾಗಿ ಚಿಮ್ಮಿಸಿ ತೊಳೆಯಿರಿ. ಎಲೆ ಸೊಂಪಾಗಿದೆ, ಬಿಸಿಲಿದೆ, ಗೊಬ್ಬರ ಹಾಕಿದ್ದೀನಿ, ಆದರೂ ಮೊಗ್ಗೇ ಇಲ್ಲ ಅನ್ನುವವರು ರಾತ್ರಿ ಒಂದು ಸಲ ಹೊರಗೆ ಬಂದು ಕುಂಡದ ಮೇಲೆ ಬೀದಿದೀಪವೋ ಗೇಟಿನ ಬಲ್ಬೋ ಬೀಳುತ್ತಿದೆಯಾ ನೋಡಿ. ಬೀಳುತ್ತಿದ್ದರೆ ಕುಂಡವನ್ನು ಮನೆಯ ಇನ್ನೊಂದು ಪಕ್ಕಕ್ಕೆ, ಹಗಲು ಬಿಸಿಲು ಬಂದು ರಾತ್ರಿ ಕತ್ತಲಾಗುವ ಕಡೆ ಇಡಿ. ನಮಸ್ಕಾರ.