ತಕ್ಕಡಿ ಅಡಿಕೆ ಬೆಳೆಯುವುದಿಲ್ಲ

ಹಿರಿಯರೇ, ಗೆಳೆಯರೇ, ಇಂಥ ಮಳೆಯಲ್ಲೂ ಕೊಡೆ ಹಿಡಿದು ಬಂದ ಮಕ್ಕಳೇ,

ನನಗೆ ಕೊಟ್ಟಿದ್ದ ವಿಷಯ 'ದಿನಬಳಕೆಯ ಗಣಿತ'. ಸಂಘಟಕರನ್ನು ಕೇಳಿಯೇ ಬದಲಿಸಿಕೊಂಡೆ. ಕಾರಣ ಒಬ್ಬ ಹುಡುಗಿ. ಎರಡನೇ ಪಿಯುಸಿ ಓದುತ್ತಾಳೆ. ಹೋದ ತಿಂಗಳು ಮೊಬೈಲ್ ಹಿಡಿದುಕೊಂಡು ಮನೆಗೆ ಬಂದಳು. ವಾಟ್ಸಾಪಿನಲ್ಲಿ ಒಂದು ಸಂದೇಶ: ದೇವರಿದ್ದಾನೆ ಅಂತ ಗಣಿತಜ್ಞ ಗೋಡೆಲ್ ಸಾಧಿಸಿದ್ದಾನೆ, ಕಂಪ್ಯೂಟರು ಅದನ್ನು ಸರಿ ಅಂದಿದೆ, ಇನ್ನು ನಾಸ್ತಿಕರು ಬಾಯಿ ಮುಚ್ಚಬೇಕು. ಇದರ ಮೇಲೆ ಮನೆಯಲ್ಲಿ ಅಪ್ಪನಿಗೂ ಅಣ್ಣನಿಗೂ ಜಗಳವಾಗಿ ಎರಡು ದಿನ ಮಾತಿಲ್ಲವಂತೆ. 'ಸರ್, ಇದು ನಿಜವಾ?' ಅಂತ ಕೇಳಿದಳು. ಬಾಗಿಲಲ್ಲಿ ನಿಂತು ಹೇಳಿ ಮುಗಿಸುವ ಉತ್ತರ ಅದಕ್ಕಿರಲಿಲ್ಲ.

ನೀವೆಲ್ಲ ಅಡಿಕೆ ಮಂಡಿ ನೋಡಿದವರು. ಚೀಲ ತಕ್ಕಡಿಗೆ ಏರುತ್ತದೆ, ತೂಕ ಬರೆದುಕೊಳ್ಳುತ್ತಾರೆ. ಮನೆಯಲ್ಲಿ ಗೊರಬಲು ಎಂಬ ಕೆಳದರ್ಜೆಯ ಅಡಿಕೆ ತುಂಬಿ ಹೊಲಿದ ಚೀಲ ತಕ್ಕಡಿ ಏರಿದ ಮಾತ್ರಕ್ಕೆ ಸರಕು ಎಂಬ ಮೇಲುದರ್ಜೆಯ ಅಡಿಕೆ ಆಗುತ್ತದೆಯೇ? ಒಳಗೆ ಕಲ್ಲು ಸೇರಿದ್ದರೆ ಕಲ್ಲಿನ ತೂಕವನ್ನೂ ತಕ್ಕಡಿ ಪ್ರಾಮಾಣಿಕವಾಗಿಯೇ ತೋರಿಸುತ್ತದೆ. ತಕ್ಕಡಿ ಅಡಿಕೆ ಬೆಳೆಯುವುದಿಲ್ಲ. ಗಣಿತದ ಸಾಧನೆ, ಅಂದರೆ ಪ್ರೂಫ್, ಅದೂ ಹೀಗೆಯೇ. ಮೊದಲು ಕೆಲವು ಮಾತನ್ನು ಸಾಧನೆಯಿಲ್ಲದೆ ಒಪ್ಪಿಕೊಳ್ಳುತ್ತೇವೆ, ಅವೇ ಸ್ವಯಂಸಿದ್ಧಗಳು. ಆಮೇಲೆ ತರ್ಕ ನಡೆಯುತ್ತದೆ. ಕೊನೆಗೆ ಸಿಗುವುದೆಲ್ಲ ಮೊದಲೇ ಚೀಲದೊಳಗೆ ಇದ್ದದ್ದು. ಆದ್ದರಿಂದ ಯಾರೇ 'ಸಾಧಿಸಿದ್ದೇನೆ' ಅಂದರೂ ನಾನು ಕೇಳುವುದು ಒಂದೇ: ಚೀಲದಲ್ಲಿ ಏನು ತುಂಬಿದ್ದೀರಿ?

ಗೋಡೆಲ್ ಸಾಮಾನ್ಯನಲ್ಲ. 1931ರಲ್ಲಿ, ಅಂಕಗಣಿತವನ್ನು ಒಳಗೊಂಡ, ವಿರೋಧಾಭಾಸವಿಲ್ಲದ, ನಿಯಮಬದ್ಧವಾದ ಯಾವ ವ್ಯವಸ್ಥೆಯಲ್ಲೂ ಸಾಧಿಸಲಾಗದ ಸತ್ಯಗಳು ಉಳಿದೇ ಉಳಿಯುತ್ತವೆ ಎಂದು ತೋರಿಸಿದವನು. 1970ರಲ್ಲಿ ಅವನು ತನ್ನ ದೇವರ ಸಾಧನೆಯನ್ನು ಡಾನಾ ಸ್ಕಾಟ್ ಎಂಬ ತರ್ಕಶಾಸ್ತ್ರಜ್ಞನಿಗೆ ತೋರಿಸಿದ. ಬದುಕಿರುವಾಗ ಪ್ರಕಟಿಸಲಿಲ್ಲ. ಅದರ ಬೇರು ಹಳೆಯದು. 11ನೇ ಶತಮಾನದ ಆನ್ಸೆಲ್ಮ್ ಎಂಬ ಕ್ರೈಸ್ತ ಸನ್ಯಾಸಿಯದು: ಯಾವುದಕ್ಕಿಂತ ದೊಡ್ಡದನ್ನು ಯೋಚಿಸಲಾಗದೋ ಅದು ದೇವರು, ಬರೀ ಯೋಚನೆಯಲ್ಲಿದ್ದರೆ ಅದಕ್ಕಿಂತ ದೊಡ್ಡದನ್ನು ಯೋಚಿಸಬಹುದು, ಆದ್ದರಿಂದ ಅದು ಇರಲೇಬೇಕು.

ಗೋಡೆಲ್ ಇದನ್ನು ಸಂಕೇತಗಳಲ್ಲಿ ಬರೆದ. ಕೆಲವು ಗುಣಗಳು ಸದ್ಗುಣಗಳು ಎಂದು ಇಟ್ಟುಕೊಳ್ಳಿ. ಒಂದು ಗುಣ ಅಥವಾ ಅದರ ವಿರುದ್ಧ, ಎರಡರಲ್ಲಿ ಒಂದೇ ಒಂದು ಸದ್ಗುಣ. ಎಲ್ಲ ಸದ್ಗುಣಗಳೂ ಇರುವುದು ದೇವರು. ಇಲ್ಲದಿರಲು ಸಾಧ್ಯವೇ ಇಲ್ಲದ ಹಾಗೆ ಇರುವುದು, ಅದೂ ಒಂದು ಸದ್ಗುಣ. ಕೊನೆಯದನ್ನು ಗಮನಿಸಿ. ಚೀಲದೊಳಗೆ ಅದು ಹೋಗಿ ಕೂತಿದೆ.

2013ರಲ್ಲಿ ಕ್ರಿಸ್ಟೋಫ್ ಬೆನ್ಸ್‌ಮ್ಯೂಲರ್, ಬ್ರೂನೋ ಪಾಲೆಯೊ ಎಂಬ ಇಬ್ಬರು, ಗೋಡೆಲ್ ಸಾಧನೆಯನ್ನು ಸ್ಕಾಟ್ ತಿದ್ದಿ ಬರೆದ ಪಾಠವನ್ನು ಕಂಪ್ಯೂಟರಿಗೆ ಹಾಕಿದರು. ಹೌದು, ಆ ಮಾತುಗಳನ್ನು ಒಪ್ಪಿದರೆ ಈ ಮಾತು ಬರುತ್ತದೆ ಎಂದು ಕಂಪ್ಯೂಟರ್ ಹೇಳಿತು. ವಾಟ್ಸಾಪಿನಲ್ಲಿ ಕಥೆ ಇಲ್ಲಿಗೇ ಮುಗಿಯುತ್ತದೆ, ಆದರೆ ಅವರ ಕೆಲಸ ಮುಂದುವರಿಯಿತು. ಗೋಡೆಲ್ ಕೈಯಾರೆ ಬರೆದ ಮೂಲ ಪಾಠದ ಸ್ವಯಂಸಿದ್ಧಗಳು ಒಂದಕ್ಕೊಂದು ಹೊಂದುವುದೇ ಇಲ್ಲ ಎಂದು ಕಂಡುಹಿಡಿದದ್ದೂ ಅದೇ ಕಂಪ್ಯೂಟರು! ಸ್ಕಾಟ್ ಪಾಠದಲ್ಲಿ ಆ ತೊಂದರೆಯಿಲ್ಲ, ಆದರೆ ಇನ್ನೊಂದಿದೆ. ಸೋಬೆಲ್ ಎಂಬ ದಾರ್ಶನಿಕ ಮೊದಲೇ ಹೇಳಿದ್ದ: ಈ ಸ್ವಯಂಸಿದ್ಧಗಳನ್ನು ಒಪ್ಪಿದರೆ, ನಡೆದದ್ದೆಲ್ಲ ನಡೆಯಲೇಬೇಕಿತ್ತು ಎಂಬುದನ್ನೂ ಒಪ್ಪಬೇಕು. ಅಂದರೆ ತೋಟಕ್ಕೆ ಕೊಳೆರೋಗ ಬಂದದ್ದು ಬರಲೇಬೇಕಿತ್ತು. ನೀವು ಬೋರ್ಡೋ ದ್ರಾವಣ ಹೊಡೆಯದೆ ಬಿಟ್ಟದ್ದೂ ಬಿಡಲೇಬೇಕಿತ್ತು. ಆಯ್ಕೆ ಎಂಬುದೇ ಉಳಿಯಲಿಲ್ಲ. ಈ ದೇವರಿಗೆ ಕೈಮುಗಿದು ಬೇಡಿಕೊಳ್ಳುವುದಾದರೂ ಏನನ್ನು? ಸಂದೇಶ ಕಳಿಸಿದವರಿಗೆ ಈ ದೇವರು ಬೇಕೇ ಎಂದು ನನ್ನ ಪ್ರಶ್ನೆ.

ನನ್ನನ್ನು ಹೆಚ್ಚು ಚುಚ್ಚಿದ್ದು 'ಬಾಯಿ ಮುಚ್ಚಬೇಕು' ಎಂಬ ಮಾತು. ಗಣಿತಜ್ಞ ಆಯ್ಲರ್ ಮತ್ತು ಫ್ರೆಂಚ್ ಲೇಖಕ ದಿದೆರೋ ಕಥೆ ನಿಮಗೆ ಗೊತ್ತು. ರಷ್ಯಾದ ರಾಣಿ ಕ್ಯಾಥರೀನಳ ಆಸ್ಥಾನದಲ್ಲಿ ಆಯ್ಲರ್ ಒಂದು ಅರ್ಥವಿಲ್ಲದ ಸೂತ್ರ ಹೇಳಿ 'ಆದ್ದರಿಂದ ದೇವರಿದ್ದಾನೆ, ಉತ್ತರ ಕೊಡಿ' ಅಂದನಂತೆ, ನಾಸ್ತಿಕ ದಿದೆರೋ ತಬ್ಬಿಬ್ಬಾಗಿ ಊರು ಬಿಟ್ಟನಂತೆ. ಕಟ್ಟುಕಥೆ. ದಿದೆರೋಗೆ ಗಣಿತ ಚೆನ್ನಾಗಿಯೇ ಗೊತ್ತಿತ್ತು, 1748ರಲ್ಲಿ ಗಣಿತದ ಪ್ರಬಂಧಗಳನ್ನೇ ಪ್ರಕಟಿಸಿದ್ದ. ಆದರೂ ಜನ ಈ ಕಥೆ ಹೇಳಿ ನಗುತ್ತಾರೆ. ನನಗೆ ನಗು ಬರುವುದಿಲ್ಲ. ಕರಿಹಲಗೆ ಮುಂದೆ ಹಾಗೆ ತಬ್ಬಿಬ್ಬಾಗಿ ನಿಂತ ಮಕ್ಕಳನ್ನು ನಾನು ಮೂವತ್ತು ವರ್ಷ ನೋಡಿದ್ದೇನೆ. ಗಣಿತ ಇರುವುದು ಎದುರಿನವನಿಗೂ ಪ್ರತಿ ಹೆಜ್ಜೆ ಕಾಣುವಂತೆ ಮಾಡಲಿಕ್ಕೆ.

ಇಲ್ಲಿ ನಮ್ಮ ಅಜ್ಜಿಯ ವಿಷಯ ಹೇಳಲೇಬೇಕು. ತೀರ್ಥಹಳ್ಳಿ ಕಡೆ ನಮ್ಮೂರಿನ ಗುಡಿಯಲ್ಲಿ ಪ್ರಸಾದ ಕೇಳುವ ಪದ್ಧತಿ. ದೇವಿಯ ಮೈಗೆ ಒದ್ದೆ ಹೂವು ಅಂಟಿಸಿರುತ್ತಾರೆ, ಮನಸ್ಸಿನಲ್ಲಿರುವುದನ್ನು ಹೇಳಿಕೊಂಡು ಕಾಯಬೇಕು. ಬಲಕ್ಕೆ ಬಿದ್ದರೆ ಆಯಿತು, ಎಡಕ್ಕೆ ಬಿದ್ದರೆ ಇಲ್ಲ. ಅಜ್ಜಿ ಎಲ್ಲಕ್ಕೂ ಕೇಳುತ್ತಿದ್ದಳು. ಅತ್ತೆಯ ಮದುವೆ, ಗಡಿಯ ವ್ಯಾಜ್ಯ, ಕಾಡಿಗೆ ಹೋದ ದನ. ನನಗೆ ಹದಿಮೂರು ವರ್ಷ. ಹಳೇ ನೋಟುಬುಕ್ಕಿನಲ್ಲಿ ಗೆರೆ ಹಾಕಿ ಬರೆಯತೊಡಗಿದೆ: ಪ್ರಶ್ನೆ, ಹೂವು ಬಿದ್ದ ಕಡೆ, ಆಮೇಲೆ ನಡೆದದ್ದು. ಎರಡು ವರ್ಷ ಬರೆದೆ. ಹೆಚ್ಚುಕಡಿಮೆ ಅರ್ಧಕ್ಕರ್ಧ ಸರಿ, ಅರ್ಧಕ್ಕರ್ಧ ತಪ್ಪು. ನಾಣ್ಯ ಚಿಮ್ಮಿದ ಹಾಗೆ. ಲೋಕವನ್ನೇ ಗೆದ್ದ ಹಾಗೆ ಓಡಿಹೋದೆ. ಅಜ್ಜಿ ಜಗಲಿಯಲ್ಲಿ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುತ್ತಿದ್ದಳು. ಪೂರ್ತಿ ಓದಿ ಹೇಳಿದೆ. ಕೈ ನಿಲ್ಲಿಸದೆ ಕೇಳಿಸಿಕೊಂಡಳು. ಆಮೇಲೆ ಅಂದಳು: 'ಅಲ್ಲಾ ಮಾರಾಯ, ದನ ಸಿಗದಿಲ್ಲ ಅಂತ ಎಡಕ್ಕೆ ಬಿತ್ತಲ್ಲ, ಅವತ್ತು ನಾ ಏನು ಮಾಡ್ದೆ ಅಂತ ಬರ್ಕಂಡಿದೀಯಾ?'

ಬರೆದುಕೊಂಡಿರಲಿಲ್ಲ. ಎಡಕ್ಕೆ ಬಿದ್ದ ಮೇಲೂ ಅವಳು ಜಡಿಮಳೆಯಲ್ಲಿ ಕಂಬಳಿಕೊಪ್ಪೆ ಹೊದ್ದು, ಕತ್ತಲಾಗುವವರೆಗೂ ಕಾಡು ಸುತ್ತಿದ್ದಳು. ನನ್ನ ನೋಟುಬುಕ್ಕಿನಲ್ಲಿ ಅದಕ್ಕೆ ಕಾಲಮ್ಮೇ ಇರಲಿಲ್ಲ. ಲೆಕ್ಕ ತಪ್ಪಲ್ಲ. ಹೂವು ನಾಳೆಯನ್ನು ಹೇಳುವುದಿಲ್ಲ ಎಂದು ಅದು ತೋರಿಸಿತು, ಇವತ್ತಿಗೂ ಆ ಲೆಕ್ಕವನ್ನು ಬಿಟ್ಟುಕೊಡುವುದಿಲ್ಲ. ಆದರೆ ದೇವರೆಂದರೆ ನಾಳೆಯ ಸುದ್ದಿ ಕೊಡುವವನು ಎಂದು ಚೀಲಕ್ಕೆ ತುಂಬಿಕೊಂಡವನು ನಾನು. ಅಜ್ಜಿಯ ಚೀಲದಲ್ಲಿ ಇದ್ದದ್ದು ಬೇರೆ.

ಇನ್ನು ಭಾಸ್ಕರಾಚಾರ್ಯ. 1150ರ ಸುಮಾರಿನ ಬೀಜಗಣಿತದಲ್ಲಿ ಸೊನ್ನೆಯಿಂದ ಭಾಗಿಸಿದ ರಾಶಿಗೆ ಅವನು 'ಖಹರ' ಎನ್ನುತ್ತಾನೆ. ಅದಕ್ಕೆ ಎಷ್ಟು ಕೂಡಿದರೂ, ಎಷ್ಟು ಕಳೆದರೂ ಬದಲಾಗದು. ಪ್ರಳಯದಲ್ಲಿ ಜೀವರಾಶಿ ಒಳಸೇರಿದರೂ, ಸೃಷ್ಟಿಯಲ್ಲಿ ಹೊರಬಂದರೂ ಅನಂತನಾದ ಅಚ್ಯುತ ಬದಲಾಗದ ಹಾಗೆ, ಎಂದು. ಇದನ್ನು ತೋರಿಸಿ 'ನಮ್ಮವರು ಆಗಲೇ ದೇವರನ್ನು ಗಣಿತದಲ್ಲಿ ಸಾಧಿಸಿದ್ದರು' ಎನ್ನುವವರಿದ್ದಾರೆ. ಸರಿಯಾಗಿ ಓದಿ. ಅವನು ಅಚ್ಯುತನಿಂದ ಸಂಖ್ಯೆಯನ್ನು ವಿವರಿಸಿದ್ದಾನೆ, ಸಂಖ್ಯೆಯಿಂದ ಅಚ್ಯುತನನ್ನಲ್ಲ. ಅವನ ಓದುಗನಿಗೆ ದೇವರು ಪರಿಚಿತ, ಖಹರ ಅಪರಿಚಿತ. ಇವತ್ತು ನಾವು ಸೊನ್ನೆಯಿಂದ ಭಾಗಿಸಲು ಬಿಡುವುದಿಲ್ಲ. ಅಚ್ಯುತನನ್ನು ಖಹರಕ್ಕೆ ನೇತುಹಾಕಿದ್ದರೆ ಇವತ್ತು ಅವನ ಗತಿ ಏನಾಗುತ್ತಿತ್ತು!

ಚೀಟಿ ಬಂತು, ಹತ್ತು ನಿಮಿಷವಂತೆ. ಅನಂತದ ಗಣಿತ ಕಟ್ಟಿದ ಕ್ಯಾಂಟರನನ್ನು ಬಿಟ್ಟುಬಿಡುತ್ತೇನೆ. ಆದರೆ ಮಹಾವೀರಾಚಾರ್ಯನನ್ನು ಬಿಡಲಾರೆ. 9ನೇ ಶತಮಾನ, ಅಮೋಘವರ್ಷನ ಕಾಲ, 'ಗಣಿತಸಾರಸಂಗ್ರಹ'. ಜೈನ. ಹುಂಚದ ಬಸದಿಗಳಿಗೆ ಹೋಗಿಬರುವ ನಮಗೆ ದೂರದವನಲ್ಲ. ಜೈನರು ಲೋಕವನ್ನು ಸೃಷ್ಟಿಸಿದ ಒಬ್ಬ ದೇವರನ್ನು ಒಪ್ಪುವುದಿಲ್ಲ. ಆದರೂ ಸಂಖ್ಯಾತ, ಅಸಂಖ್ಯಾತ, ಅನಂತ ಎಂದು ಎಣಿಕೆಯನ್ನೇ ವಿಂಗಡಿಸಿ, ಅನಂತದಲ್ಲೂ ಬಗೆಗಳನ್ನು ಕಂಡವರು ಅವರು. ಅನಂತ ಬಂತೆಂದರೆ ದೇವರು ಬಂದ ಎನ್ನುವವರು ಅವರಿಗೆ ಏನು ಹೇಳುತ್ತಾರೆ?

ಇನ್ನೊಂದೇ. ರಾಮಾನುಜನ್‌ಗೆ ನಾಮಗಿರಿ ತಾಯಿ ಮನೆದೇವರು. ಅವನ ಜೊತೆ ಕೆಲಸ ಮಾಡಿದ ಇಂಗ್ಲಿಷ್ ಗಣಿತಜ್ಞ ಹಾರ್ಡಿ ಪಕ್ಕಾ ನಾಸ್ತಿಕ. ಒಂದು ಸಂಖ್ಯೆಯನ್ನು ಎಷ್ಟು ಬಗೆಯಲ್ಲಿ ಕೂಡಿಸಿ ಬರೆಯಬಹುದು ಎಂಬ ಲೆಕ್ಕಕ್ಕೆ ಇಬ್ಬರೂ ಸೇರಿ ಸೂತ್ರ ಕಂಡುಹಿಡಿದು 1918ರಲ್ಲಿ ಪ್ರಕಟಿಸಿದರು. 200ಕ್ಕೆ ಮ್ಯಾಕ್‌ಮಹೋನ್ ಎಂಬ ಗಣಿತಜ್ಞ ಕೈಯಲ್ಲೇ ಲೆಕ್ಕ ಹಾಕಿದ್ದ ಉತ್ತರ 3,972,999,029,388. ಸೂತ್ರವೂ ಅದನ್ನೇ ಕೊಟ್ಟಿತು. ಆ ಪ್ರಬಂಧದ ಯಾವ ಸಾಲು ಆಸ್ತಿಕನದು, ಯಾವುದು ನಾಸ್ತಿಕನದು ಎಂದು ಬೇರ್ಪಡಿಸಿ ಕೊಡಿ ನೋಡೋಣ.

ನಾನು ದಿನಾ ಸಂಜೆ ದೀಪ ಹಚ್ಚುವವನು. ಅದಕ್ಕೆ ಸಾಧನೆ ಕೇಳಿದರೆ ನನ್ನಲ್ಲಿಲ್ಲ, ಇದೆ ಎಂದು ಕರಿಹಲಗೆ ಮೇಲೆ ಸುಳ್ಳು ಬರೆಯಲಾರೆ. ಅಪ್ಪ, ಅಣ್ಣ ಇಬ್ಬರಿಗೂ ಇದನ್ನೇ ಹೇಳು ಎಂದು ಆ ಹುಡುಗಿಗೆ ಹೇಳಿದ್ದೆ. ಅವಳು ಹೇಳಿದ್ದಾಳೆ. ಅಪ್ಪ ಒಂದು ಪ್ರಶ್ನೆ ಕೇಳಿದರಂತೆ, ಅದನ್ನು ಬರೆದುಕೊಂಡು ಬಂದಿದ್ದಾಳೆ. ಹಿಂದಿನ ಸಾಲಿನಲ್ಲಿ, ಕಂಬದ ಪಕ್ಕ ಕೂತಿದ್ದಾಳೆ. ಮೈಕ್ ಅವಳಿಗೆ ಕೊಡಿ. ಚಹಾ ಆಮೇಲೆ.