ಉಪವಾಸ ನನ್ನದು, ಕಷ್ಟ ಯಾರದು?

ತಪಸ್ಸುಕಾಲ, ಅಂದರೆ ಈಸ್ಟರ್‌ಗೆ ಮುಂಚಿನ ನಲವತ್ತು ದಿನಗಳ ವ್ರತದ ಕಾಲ, ಬಂತು ಅಂದರೆ ಸಾಕು, ಕಥೋಲಿಕ ಗೆಳೆಯರ ನಡುವೆ ಒಂದೇ ಪ್ರಶ್ನೆ. ಈ ಸಲ ಏನು ಬಿಡುತ್ತೀಯ? ಒಬ್ಬರು ಸಿಹಿ ಬಿಡುತ್ತಾರೆ, ಒಬ್ಬರು ಕುಡಿತ, ಇನ್ನೊಬ್ಬರು ರೀಲ್ಸ್. ನಾಲ್ಕು ವಾರ ಬಿಟ್ಟು ಅವರನ್ನೇ ಕೇಳಿ ನೋಡಿ. ತೂಕ ಇಳಿದಿದೆ, ನಿದ್ದೆ ಚೆನ್ನಾಗಿ ಬರುತ್ತಿದೆ ಅನ್ನುತ್ತಾರೆ. ಸಂತೋಷ. ಆದರೆ ಅದಕ್ಕೆ ಡಯಟ್ ಸಾಕಿತ್ತು, ಅಲ್ವಾ?

ಧರ್ಮಸಭೆ, ಅಂದರೆ ಚರ್ಚ್, ನಮ್ಮಿಂದ ಕೇಳುವುದು ನಿಜಕ್ಕೂ ಬಹಳ ಕಡಿಮೆ. ಕಡ್ಡಾಯ ಉಪವಾಸ ಎರಡೇ ದಿನ: ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರ ಮತ್ತು ಶುಭ ಶುಕ್ರವಾರ (ಗುಡ್ ಫ್ರೈಡೆ). ಅದೂ 18 ತುಂಬಿದ ಮೇಲೆ, 59 ತುಂಬುವ ತನಕ. ಆ ದಿನಗಳಲ್ಲೂ ಒಂದು ಹೊತ್ತು ಹೊಟ್ಟೆ ತುಂಬ ಉಣ್ಣಬಹುದು, ಇನ್ನೆರಡು ಹೊತ್ತು ಸ್ವಲ್ಪ ಏನಾದರೂ ತಿನ್ನಬಹುದು. 14 ದಾಟಿದವರು ಬೂದಿ ಬುಧವಾರ ಮತ್ತು ಶುಕ್ರವಾರಗಳಲ್ಲಿ ಮಾಂಸ ಬಿಡಬೇಕು. ಅಷ್ಟೇ. ಉಳಿದದ್ದೆಲ್ಲ ನಾವೇ ಇಷ್ಟಪಟ್ಟು ಹೊತ್ತುಕೊಂಡ ಭಾರ. ಹಾಗಾಗಿ ಅದನ್ನು ಯಾರ ತಲೆ ಮೇಲೆ ಇಳಿಸುತ್ತೇವೆ ಅನ್ನುವುದನ್ನೂ ನಾವೇ ನೋಡಿಕೊಳ್ಳಬೇಕು.

ಯಾಕೆ ಹೇಳಿದೆ ಅಂದರೆ, ಕಾಫಿ ಬಿಟ್ಟವನ ಮನೆಯಲ್ಲಿ ಬೆಳಗ್ಗೆ ಹತ್ತರ ತನಕ ಯಾರೂ ತುಟಿ ಪಿಟಿಕ್ ಅನ್ನುವ ಹಾಗಿಲ್ಲ. ಎಲ್ಲದಕ್ಕೂ ಸಿಡುಕು. ತ್ಯಾಗ ಅವನದು, ತಪಸ್ಸು ಹೆಂಡತಿ ಮಕ್ಕಳದು!

ಬೂದಿ ಬುಧವಾರ ಕಳೆದು ಎರಡೇ ದಿನಕ್ಕೆ, ಶುಕ್ರವಾರದ ಪೂಜೆಯಲ್ಲಿ ಪ್ರವಾದಿ ಯೆಶಾಯನ 58ನೇ ಅಧ್ಯಾಯ ಓದುತ್ತಾರೆ. ಉಪವಾಸದ ದಿನವೇ ಆಳುಗಳನ್ನು ಹಿಂಡಿ ದುಡಿಸಿಕೊಳ್ಳುವವರು, ಜಗಳಕ್ಕೆ ನಿಲ್ಲುವವರು, ಅವರಿಗೆಲ್ಲ ಅಲ್ಲಿ ಸರಿಯಾಗಿ ಬೈಗುಳ ಬೀಳುತ್ತದೆ. ಹಸಿದವರ ಜೊತೆ ಹಂಚಿ ತಿನ್ನುವುದು, ನೆಲೆ ಇಲ್ಲದವರನ್ನು ಒಳಗೆ ಕರೆಯುವುದು, ದೇವರಿಗೆ ಬೇಕಾದ ಉಪವಾಸ ಇದು ಅನ್ನುತ್ತದೆ ಆ ಪಾಠ. ಇಷ್ಟು ಬೇಗ, ತಪಸ್ಸುಕಾಲದ ಮೊದಲ ಭಾನುವಾರ ಬರುವ ಮುಂಚೆಯೇ ಇದನ್ನು ಓದಿಸುವುದು ಸುಮ್ನೆ ಅಲ್ಲ ಅನ್ನಿಸುತ್ತದೆ ನನಗೆ.

ಹಾಗಾಗಿ ನನ್ನ ಮಟ್ಟಿಗೆ ಬಿಡುವುದು ಅರ್ಧ ಕೆಲಸ. ಬಿಟ್ಟದ್ದು ಇನ್ನೊಬ್ಬರ ಕೈ ಸೇರಬೇಕು. ಊಟದಲ್ಲಿ ಉಳಿದ ದುಡ್ಡು ನನ್ನ ಖಾತೆಯಲ್ಲೇ ಕೂತರೆ ಅದು ಉಳಿತಾಯ, ಉಪವಾಸ ಅಲ್ಲ. ರೀಲ್ಸ್ ಬಿಟ್ಟಾಗ ಸಿಕ್ಕ ಒಂದು ಗಂಟೆ ವೆಬ್ ಸೀರೀಸ್‌ಗೆ ಹೋದರೆ ಬಿಟ್ಟು ಏನು ಬಂತು? ಆ ಹೊತ್ತಿನಲ್ಲಿ ವಯಸ್ಸಾದ ಒಬ್ಬರಿಗೆ ಫೋನ್ ಮಾಡಿ, ಅವರು ಹೋದ ವಾರ ಹೇಳಿದ್ದ ಕಥೆಯನ್ನೇ ಮತ್ತೆ ಮೊದಲಿಂದ ಕೇಳಿಸಿಕೊಳ್ಳುವುದಿದೆಯಲ್ಲ, ಅದು ಸಿಹಿ ಬಿಡುವುದಕ್ಕಿಂತ ಜಾಸ್ತಿ ಕಷ್ಟ. ಸಿಹಿ ಬಿಟ್ಟರೆ ಒಳಗೊಳಗೇ ಒಂದು ಹೆಮ್ಮೆಯಾದರೂ ಸಿಗುತ್ತದೆ. ಇಲ್ಲಿ ಅದೂ ಇಲ್ಲ.

ಇನ್ನು ಭಾನುವಾರದ ಜಗಳ. ಬೂದಿ ಬುಧವಾರದಿಂದ ಪಾಸ್ಕದ (ಈಸ್ಟರ್) ಹಿಂದಿನ ಶನಿವಾರದವರೆಗೆ ಎಣಿಸಿದರೆ 46 ದಿನ ಬರುತ್ತದೆ. ಆರು ಭಾನುವಾರ ತೆಗೆದರೆ 40. ಭಾನುವಾರ ಯೇಸುವಿನ ಪುನರುತ್ಥಾನದ ದಿನ, ಅವತ್ತು ಉಪವಾಸ ಇಲ್ಲ. ಹಾಗಾದರೆ ಬಿಟ್ಟದ್ದನ್ನು ಭಾನುವಾರ ಮುಟ್ಟಬಹುದಾ? ಅದು ಕಳ್ಳದಾರಿ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ನಾವು ಬಿಟ್ಟದ್ದು ಒಳ್ಳೆಯ ವಸ್ತುವನ್ನೇ, ಅದು ವಾರಕ್ಕೊಮ್ಮೆ ನೆನಪಾದರೆ ತಪ್ಪೇನಿಲ್ಲ. ಸಿಗರೇಟ್ ಬಿಟ್ಟವರು ಮಾತ್ರ ದಯವಿಟ್ಟು ಈ ಲೆಕ್ಕ ಹಿಡಿಯಬೇಡಿ. ಪಾಸ್ಕ ಮುಗಿದ ಮೇಲೂ ಅದನ್ನು ಹಚ್ಚಬೇಡಿ.