ಆ ಮನೆಯೊಳಗೆ ಹೋಗಿ ನೋಡಿದವರು ಯಾರು?

(ಚಿಕ್ಕಬಳ್ಳಾಪುರದಲ್ಲಿ ಪೋಷಕರ ಸಭೆಯಲ್ಲಿ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು ಕಡೆಯಿಂದೆಲ್ಲ ಬಂದಿದ್ದೀರಿ. ಕೆಲವರು ಬೆಳಗ್ಗೆ ಮಾರ್ಕೆಟ್ಟಿಗೆ ಹೂವು ಹಾಕಿ ನೇರವಾಗಿ ಇಲ್ಲಿಗೇ ಬಂದಿದ್ದೀರಿ. ಹೀಗಾಗಿ ಪೀಠಿಕೆ ಬೇಡ, ವಿಷಯಕ್ಕೇ ಬರುತ್ತೇನೆ.

ಹದಿನೈದು ಹದಿನಾರು ವರ್ಷದ ಮಗನನ್ನೋ ಮಗಳನ್ನೋ ವಿದೇಶಕ್ಕೆ ಓದಲು ಕಳಿಸಲು ಹೊರಟಿದ್ದೀರಿ. ಅಲ್ಲಿ ಅವರು ಇರುವುದು ಯಾವುದೋ ಒಂದು ಕುಟುಂಬದ ಮನೆಯಲ್ಲಿ, ಆ ಮನೆ ಹುಡುಕುವುದು ಕಳಿಸುವ ಸಂಸ್ಥೆ. ಯಾವ ಶಾಲೆ, ವೀಸಾ ಏನಾಯಿತು, ಖರ್ಚು ಎಷ್ಟು ಎಂದರೆ ತಟ್ಟನೆ ಹೇಳುತ್ತೀರಿ. ಮಗು ರಾತ್ರಿ ಮಲಗುವ ಮನೆ ಯಾರದು ಎಂದು ಕೇಳಿದರೆ ಮಾತ್ರ "ಅದನ್ನೆಲ್ಲ ಸಂಸ್ಥೆಯವರು ನೋಡ್ಕೋತಾರೆ ಸಾರ್" ಅನ್ನುತ್ತೀರಿ. ನೋಡಿಕೊಳ್ಳುತ್ತಾರೆ, ನಿಜ. ಹೇಗೆ ನೋಡಿಕೊಳ್ಳುತ್ತಾರೆ ಎಂದು ಕೇಳಿ ತಿಳಿದುಕೊಳ್ಳುವುದು ನಿಮ್ಮ ಹಕ್ಕು. ಇವತ್ತಿನ ನನ್ನ ಮಾತೆಲ್ಲ ಅದರ ಬಗ್ಗೆಯೇ.

ಬೇರೆಯವರ ಮನೆಯ ಆಸರೆಯಲ್ಲಿ ಓದುವುದು ನಮ್ಮ ಸೀಮೆಗೆ ಹೊಸದಲ್ಲ. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ಇದೇ ಚಿಕ್ಕಬಳ್ಳಾಪುರದಲ್ಲಿ ಶಾಲೆ ಕಲಿತು, ಮುಂದೆ ಬೆಂಗಳೂರಿನಲ್ಲಿ ಕೊಡಗಿನ ಕುಟುಂಬವೊಂದರ ಮಕ್ಕಳಿಗೆ ಪಾಠ ಹೇಳಿಕೊಂಡು 1881ರಲ್ಲಿ ಬಿ.ಎ. ಮುಗಿಸಿದರು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ ಎಂದು ವಾರಾನ್ನ ಮಾಡಿ ಓದಿದವರು ನಿಮ್ಮ ಹಿರಿಯರಲ್ಲೂ ಇರಬಹುದು. ಆಗ ಹುಡುಗನನ್ನು ಕಳಿಸುವ ಮೊದಲು "ಅವರ ಮನೆಯಾ? ಒಳ್ಳೆ ಜನ, ಧೈರ್ಯವಾಗಿ ಕಳಿಸಿ" ಎನ್ನುವವರು ಒಬ್ಬರಾದರೂ ಸಿಗುತ್ತಿದ್ದರು. ಆ ಮನೆಯ ಜಗಲಿಯಲ್ಲಿ ಕೂತು ಕಾಫಿ ಕುಡಿದವರ ಮಾತು ಅದು. ಅಮೆರಿಕದ ಒಹಾಯೋದಲ್ಲಿರುವ ಮನೆಯ ಬಗ್ಗೆ ಹಾಗೆ ಹೇಳುವವರು ನಮಗೆ ಯಾರೂ ಇಲ್ಲ. ಅವರ ಜಾಗದಲ್ಲಿ ಈಗ ಇರುವುದು ನಿಯಮ, ಕಾಗದಪತ್ರ ಮತ್ತು ಅಲ್ಲಿಯ ಕೋಆರ್ಡಿನೇಟರ್, ಅಂದರೆ ಸಂಸ್ಥೆಯ ಪರವಾಗಿ ಅಲ್ಲಿ ಮಗುವಿನ ಯೋಗಕ್ಷೇಮ ವಿಚಾರಿಸುವವರು. ಈ ಮೂರನ್ನೂ ನಾವು ಓದಿ ಅರ್ಥ ಮಾಡಿಕೊಳ್ಳಬೇಕು.

ವಿದ್ಯಾರ್ಥಿ ವಿನಿಮಯದ ಸಂಸ್ಥೆಗಳು ಹಳೆಯವು. ಮೊದಲನೆಯ ಮಹಾಯುದ್ಧದಲ್ಲಿ ಫ್ರಾನ್ಸಿನಲ್ಲಿ ಆಂಬುಲೆನ್ಸ್ ಓಡಿಸಿದ ಸ್ವಯಂಸೇವಕರಿಂದ ಹುಟ್ಟಿದ್ದು ಎಎಫ್‌ಎಸ್. ರೋಟರಿಯ ಯೂತ್ ಎಕ್ಸ್‌ಚೇಂಜ್ ನಿಮಗೆ ಗೊತ್ತೇ ಇದೆ. 2001ರ ಸೆಪ್ಟೆಂಬರ್ 11ರ ದಾಳಿಯಾದ ಮೇಲೆ, 2002ರಲ್ಲಿ ಅಮೆರಿಕ ಸರ್ಕಾರವೇ ಕೆನೆಡಿ-ಲೂಗರ್ ಹೆಸರಿನ ವಿನಿಮಯ ಕಾರ್ಯಕ್ರಮ ಶುರು ಮಾಡಿತು. ಹೆಸರು ದೊಡ್ಡದಿದ್ದ ಮಾತ್ರಕ್ಕೆ ಪ್ರತಿಯೊಂದು ಮನೆಯೂ ಒಳ್ಳೆಯದೇ ಎಂದು ಅಂದುಕೊಳ್ಳಬೇಡಿ. ಸಂಸ್ಥೆ ಎಲ್ಲೋ ಇರುತ್ತದೆ, ಮಗು ಮಲಗುವುದು ಒಂದೇ ಒಂದು ಮನೆಯಲ್ಲಿ.

ಅಮೆರಿಕದ ನಿಯಮವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ನಿಮ್ಮ ಪ್ರಶ್ನೆಗಳೆಲ್ಲ ಅದರೊಳಗೇ ಇವೆ. ಜೆ-1 ಎಂಬ ವಿನಿಮಯ ವೀಸಾದಲ್ಲಿ ಹೋಗುವ ಹೈಸ್ಕೂಲು ವಿದ್ಯಾರ್ಥಿಗೆ 15 ತುಂಬಿರಬೇಕು, ಹದಿನೆಂಟೂವರೆ ದಾಟಿರಬಾರದು. ಇರಿಸಿಕೊಳ್ಳುವ ಕುಟುಂಬಕ್ಕೆ ಅದಕ್ಕಾಗಿ ಹಣ ಕೊಡುವಂತಿಲ್ಲ. ಸಂಸ್ಥೆಯವರು ಆ ಮನೆಗೇ ಹೋಗಿ, ಮನೆಯವರ ಜೊತೆ ಮುಖಾಮುಖಿ ಮಾತಾಡಬೇಕು. ಮನೆಯಲ್ಲಿರುವ 18 ದಾಟಿದ ಪ್ರತಿಯೊಬ್ಬರ ಅಪರಾಧ ದಾಖಲೆ ತಪಾಸಣೆ ಆಗಬೇಕು. ಅಪ್ಪ ಅಮ್ಮನದು ಮಾತ್ರ ಆದರೆ ಸಾಲದು, ಕಾಲೇಜಿಗೆ ಹೋಗುವ ಅಣ್ಣನದೂ, ಒಟ್ಟಿಗಿರುವ ತಾತನದೂ ಆಗಬೇಕು. ಈ ಕುಟುಂಬ ಎಂಥದ್ದು ಎಂದು ಸಂಬಂಧಿಕರಲ್ಲದ ಇಬ್ಬರು ಹೇಳಬೇಕು. ಮಗುವಿನ ಕೋಣೆ, ಅಡುಗೆಮನೆ, ಬಚ್ಚಲು, ಹಾಲ್, ಮನೆಯ ಹೊರಭಾಗ ಎಲ್ಲದರ ಫೋಟೋ ಫೈಲಿನಲ್ಲಿರಬೇಕು. ಮಗುವಿಗೆ ಬೇರೆ ಮಂಚ ಇರಬೇಕು. ಸೋಫಾ ಬಿಚ್ಚಿ ಹಾಸುವುದಾಗಲಿ, ಗಾಳಿ ತುಂಬುವ ಹಾಸಿಗೆಯಾಗಲಿ ನಡೆಯುವುದಿಲ್ಲ. ಮನೆಯಲ್ಲಿ ಮಕ್ಕಳಿಲ್ಲದ ಒಂಟಿ ವ್ಯಕ್ತಿ ಇರಿಸಿಕೊಳ್ಳುವುದಾದರೆ ಎರಡನೆಯ ಸುತ್ತಿನ ಪರಿಶೀಲನೆ ನಡೆಯಬೇಕು, ಅದಕ್ಕೆ ನೀವೂ ನಿಮ್ಮ ಮಗುವೂ ಮೊದಲೇ ಬರವಣಿಗೆಯಲ್ಲಿ ಒಪ್ಪಬೇಕು. ಆ ಕಾಗದ ಬಂದಾಗ ಉಳಿದ ಹತ್ತು ಕಾಗದದ ಜೊತೆ ಸೇರಿಸಿ ಸಹಿ ಹಾಕಿ ಕಳಿಸಬೇಡಿ. ಅದು ನಿಮ್ಮನ್ನು ಕೇಳುತ್ತಿರುವ ಪ್ರಶ್ನೆ. ಮನಸ್ಸು ಒಪ್ಪದಿದ್ದರೆ ಬೇಡ ಎಂದು ಬರೆಯಿರಿ.

ಮಗು ಹೋದ ಮೇಲೂ ಮೊದಲ ಎರಡು ತಿಂಗಳೊಳಗೆ ಇನ್ನೊಮ್ಮೆ ಮನೆ ನೋಡಬೇಕು, ಅದೂ ಮೊದಲು ನೋಡಿದವರಲ್ಲ, ಬೇರೆಯವರು. ಈ ನಿಯಮ ನನಗೆ ತುಂಬಾ ಮುಖ್ಯವಾಗಿ ಕಾಣುತ್ತದೆ. ಮನೆ ಹುಡುಕಿದವರಿಗೆ ಅದು ಒಳ್ಳೆಯ ಮನೆಯಾಗಿಯೇ ಕಾಣಲಿ ಎಂಬ ಆಸೆ ಇರುತ್ತದೆ. ಹೊಸಬರ ಕಣ್ಣಿಗೆ ಬೀಳುವುದು ಬೇರೆ.

ಈ ನೋಡುವ ಕೆಲಸ ಹೇಗಿರುತ್ತದೆ ಎಂದು ನನಗೆ ಗೊತ್ತು. ಹೊರದೇಶದ ಮಕ್ಕಳು ನಮ್ಮ ಜಿಲ್ಲೆಗೆ ಬರುವಾಗ ಇಲ್ಲಿಯ ಮನೆಗಳನ್ನು ನೋಡಲು ನಾನೂ ಹೋಗುತ್ತೇನೆ. ಹೋದಾಗ ಹಾಲ್ ಗುಡಿಸಿ ಒರೆಸಿರುತ್ತದೆ, ಟೀಪಾಯಿ ಮೇಲೆ ದ್ರಾಕ್ಷಿ, ಚಕ್ಕುಲಿ ಇಟ್ಟಿರುತ್ತಾರೆ. ಅದನ್ನೆಲ್ಲ ತಿಂದು, ಮಾತಾಡಿ, ಆಮೇಲೆ ಬಚ್ಚಲ ಬಾಗಿಲಿಗೆ ಒಳಗಿನಿಂದ ಚಿಲಕ ಬೀಳುತ್ತದೆಯೇ ಎಂದು ಹಾಕಿ ನೋಡುತ್ತೇನೆ. ಒಮ್ಮೆ ಎಲ್ಲ ಸರಿಯಾಗಿತ್ತು. ಮನೆಯೊಡತಿ ತಿಳಿದವರು, ಯಜಮಾನರು ಮೃದು ಸ್ವಭಾವದವರು. ಎದ್ದು ಹೊರಡುವಾಗ "ಮನೆಗೆ ಬಂದು ಹೋಗುವವರು ಯಾರ್‍ಯಾರು ಅಮ್ಮ?" ಎಂದೆ. "ಯಾರೂ ಇಲ್ಲ, ನಮ್ಮ ಮೈದುನ ಶನಿವಾರ ಭಾನುವಾರ ಬಂದು ಇರ್ತಾರೆ ಅಷ್ಟೆ" ಎಂದರು. ಯಾವ ಕೋಣೆಯಲ್ಲಿ ಮಲಗುತ್ತಾರೆ ಎಂದರೆ, ಆ ಹುಡುಗಿಗೆಂದು ತೋರಿಸಿದ ಕೋಣೆಯ ಪಕ್ಕದ್ದೇ. ಆ ಮೈದುನನ ಮೇಲೆ ನನಗೆ ಯಾವ ಅನುಮಾನವೂ ಇರಲಿಲ್ಲ. ಆದರೂ ಅವರ ಹೆಸರು ಫಾರಂನಲ್ಲಿ ಎಲ್ಲೂ ಇರಲಿಲ್ಲ. ಅವರ ಪೊಲೀಸ್ ವೆರಿಫಿಕೇಶನ್ ಆದ ಮೇಲೆಯೇ ಮುಂದುವರಿದೆವು. ಮನೆಯವರು ಬೇಜಾರು ಮಾಡಿಕೊಳ್ಳಲಿಲ್ಲ. ನಿಜವಾಗಿ ಒಳ್ಳೆಯ ಮನೆಯವರು ಇಂಥ ಪ್ರಶ್ನೆಗೆ ಬೇಜಾರು ಮಾಡಿಕೊಳ್ಳುವುದಿಲ್ಲ. ಮಾಡಿಕೊಂಡರೆ ಅಲ್ಲೇ ಸ್ವಲ್ಪ ನಿಂತು ಯೋಚಿಸಿ.

ಇಂಗ್ಲೆಂಡ್, ಕೆನಡಾ, ಆಸ್ಟ್ರೇಲಿಯಾದಲ್ಲಿ ಹಣ ಕೊಟ್ಟು ಇರುವ ಹೋಂಸ್ಟೇ ಸಾಮಾನ್ಯ. ಹಣ ತೆಗೆದುಕೊಂಡರು ಎಂದು ಅವರು ಕೆಟ್ಟವರಾಗುವುದಿಲ್ಲ. ಅಲ್ಲಿ ಕೇಳಬೇಕಾದ್ದು ಬೇರೆ: ಆ ಮನೆಯಲ್ಲಿ ಇನ್ನೂ ಎಷ್ಟು ಜನ ಬಾಡಿಗೆಗಿದ್ದಾರೆ, ಅವರ ವಯಸ್ಸೆಷ್ಟು, ತಪಾಸಣೆ ಅವರದೂ ಆಗಿದೆಯೇ. ಇಂಗ್ಲೆಂಡಿನಲ್ಲಿ 16 ತುಂಬದ ಮಗು ಸಂಬಂಧಿಕರಲ್ಲದವರ ಮನೆಯಲ್ಲಿ 28 ದಿನ ಅಥವಾ ಅದಕ್ಕಿಂತ ಹೆಚ್ಚು ಕಾಲ ಇರುವುದಾದರೆ ಅಲ್ಲಿಯ ಸ್ಥಳೀಯ ಆಡಳಿತಕ್ಕೆ ತಿಳಿಸಬೇಕೆಂದು ಕಾನೂನೇ ಇದೆ. ತಿಳಿಸಿದ್ದೀರಾ ಎಂದು ಏಜೆಂಟರನ್ನು ಕೇಳಿ.

ಪೊಲೀಸ್ ದಾಖಲೆಯ ಬಗ್ಗೆ ಒಂದು ಮಾತು. ಅದು ಸಿಕ್ಕಿಬಿದ್ದವರ ಪಟ್ಟಿ, ಅಷ್ಟೆ. ಮಕ್ಕಳಿಗೆ ಕೇಡು ಮಾಡುವ ಎಷ್ಟೋ ಜನರ ಮೇಲೆ ಒಂದು ಕೇಸೂ ಇರುವುದಿಲ್ಲ. ಎಷ್ಟೋ ಸಲ ಅವರೇ ಎಲ್ಲರಿಗಿಂತ ನಯವಾಗಿ ಮಾತಾಡುತ್ತಾರೆ. ತಪಾಸಣೆ ಬೇಕೇ ಬೇಕು, ಆದರೆ ಅದು ಆಯಿತು ಎಂದು ನಿದ್ದೆ ಹೋಗಬಾರದು. ಪಾಸ್‌ಪೋರ್ಟ್ ನಮ್ಮ ಹತ್ತಿರ ಇರಲಿ ಎನ್ನುವವರು, ಇದನ್ನು ನಿಮ್ಮ ಅಮ್ಮನಿಗೆ ಹೇಳಬೇಡ ಎನ್ನುವವರು, ಕೋಆರ್ಡಿನೇಟರ್ ಜೊತೆ ಮಗು ಒಂಟಿಯಾಗಿ ಮಾತಾಡಲು ಬಿಡದವರು, ಬಟ್ಟಲು ತೊಳೆಯುವುದನ್ನು ದಾಟಿ ದಿನಾ ತಮ್ಮ ಕೂಸನ್ನು ನೋಡಿಕೊಳ್ಳುವ ಕೆಲಸವನ್ನೇ ಹೊರಿಸುವವರು, ಇವರ ದಾಖಲೆ ಎಷ್ಟೇ ಶುದ್ಧವಾಗಿರಲಿ, ಮಗು ಆ ಮನೆಯಿಂದ ಹೊರಬರಬೇಕು.

ಇನ್ನು ವಿಡಿಯೋ ಕಾಲ್ ವಿಷಯ. ಹೊರಡುವ ಮೊದಲೇ ಆ ಕುಟುಂಬದ ವಿವರ ನಿಮಗೆ ಬರಬೇಕು, ಬಂದ ಮೇಲೆ ಒಮ್ಮೆಯಾದರೂ ಮುಖ ನೋಡಿ ಮಾತಾಡಿ. ಇಂಥ ಒಂದು ಕಾಲ್‌ನಲ್ಲಿ ನಾನು ಪಕ್ಕದಲ್ಲಿ ಕೂತಿದ್ದೆ. ಶಿಡ್ಲಘಟ್ಟದ ತಾಯಿ, ರೇಷ್ಮೆಗೂಡಿನ ವ್ಯಾಪಾರದ ಮನೆಯವರು. ಅವರಿಗೆ ಇಂಗ್ಲಿಷ್ ಬಾರದು, ಮಗಳೇ ಅನುವಾದ ಮಾಡುತ್ತಿದ್ದಳು. ತಾಯಿ "ರಾತ್ರಿ ನೀವಿಬ್ಬರೂ ಮನೇಲಿ ಇಲ್ದೆ ಇದ್ರೆ ಇವಳ ಜೊತೆ ಯಾರಿರ್ತಾರೆ ಕೇಳು" ಎಂದರು. ಮಗಳಿಗೆ ಸಂಕೋಚ. "ಅಮ್ಮ ನಿಮಗೆ ಥ್ಯಾಂಕ್ಸ್ ಹೇಳ್ತಿದಾರೆ" ಎಂದು ಹೇಳಿ ಮುಗಿಸಿಬಿಟ್ಟಳು. ಮಗು ಬೇಕೆಂದು ಸುಳ್ಳು ಹೇಳಲಿಲ್ಲ, ಸಿಕ್ಕ ಅವಕಾಶ ಎಲ್ಲಿ ತಪ್ಪಿಹೋಗುತ್ತದೋ ಎಂಬ ಭಯ. ಆದ್ದರಿಂದ ದಯವಿಟ್ಟು ಹೋಗುವ ಮಗುವನ್ನೇ ನಡುವೆ ಕೂರಿಸಬೇಡಿ. ಇಂಗ್ಲಿಷ್ ಬಲ್ಲ ಚಿಕ್ಕಮ್ಮನನ್ನೋ, ಶಾಲೆಯ ಮೇಡಂ ಅವರನ್ನೋ ಕೂರಿಸಿಕೊಳ್ಳಿ. ಊಟದ ಬಗ್ಗೆ ನಾವು ಅರ್ಧ ಗಂಟೆ ಕೇಳುತ್ತೇವೆ. ಅಡುಗೆಗೆ ಮೊಟ್ಟೆ ಹಾಕುತ್ತೀರಾ, ಅನ್ನ ಸಿಗುತ್ತಾ ಎಂದು. ಕೇಳಿ, ತಪ್ಪಿಲ್ಲ. ಆದರೆ ಆ ತಾಯಿ ಕೇಳಿದ ಪ್ರಶ್ನೆಗೆ ಉತ್ತರ ಬರುವ ತನಕ ಫೋನ್ ಇಡಬೇಡಿ.

ಇನ್ನೊಂದು ವಿಷಯ ಹೇಳುವಾಗ ನನಗೆ ಸಂಕಟವಾಗುತ್ತದೆ. ಮಗು ಆಯ್ಕೆಯಾದ ತಕ್ಷಣ ನಾವು ಬೀದಿ ತುದಿಗೆ ಫ್ಲೆಕ್ಸ್ ಕಟ್ಟಿಸುತ್ತೇವೆ, ಶಾಲೆಯಲ್ಲಿ ಹಾರ, ಶಾಲು. ಆ ಫ್ಲೆಕ್ಸ್ ಮಗುವಿನ ಮನಸ್ಸಿನಲ್ಲಿ ಉಳಿಯುತ್ತದೆ. ಅಲ್ಲಿ ಏನಾದರೂ ಕೆಟ್ಟದ್ದು ನಡೆದರೆ ಮೊದಲು ಬರುವ ಯೋಚನೆ "ವಾಪಸ್ ಹೋದರೆ ಅಪ್ಪನ ಮರ್ಯಾದೆ ಏನಾಗುತ್ತೆ" ಎಂದೇ. ಎಷ್ಟು ಸಲ ಫೋನ್ ಮಾಡಿದರೂ "ಚೆನ್ನಾಗಿದೀನಿ" ಅನ್ನುತ್ತದೆ. ಹೆಣ್ಣುಮಕ್ಕಳ ಬಗ್ಗೆ ಮಾತ್ರ ಹೇಳುತ್ತಿಲ್ಲ. ಗಂಡುಮಕ್ಕಳು ಇನ್ನೂ ಹೆಚ್ಚು ಮುಚ್ಚಿಡುತ್ತಾರೆ, ಅವರನ್ನು ಕೇಳಬೇಕೆಂದು ನಮಗೂ ಹೊಳೆಯುವುದಿಲ್ಲ. ಹಾಗಾಗಿ ಹೊರಡುವ ಮುಂಚೆ ಅಪ್ಪ ಅಮ್ಮ ಇಬ್ಬರೂ ಕೂತು, ಬಾಯಿಬಿಟ್ಟು ಹೇಳಿ: "ಆ ಮನೆ ಸರಿಯಿಲ್ಲ ಅನ್ನಿಸಿದರೆ ಕಾರಣ ಹೇಳಲು ಬಾರದಿದ್ದರೂ ಪರವಾಗಿಲ್ಲ, ಬೇರೆ ಮನೆ ಕೇಳು. ಬೇಕಾದರೆ ವಾಪಸ್ ಬಾ. ದುಡ್ಡಿನ ಮಾತು ನಾವು ಯಾವತ್ತೂ ಎತ್ತುವುದಿಲ್ಲ." ಮನೆ ಬದಲಿಸುವುದು ಈ ಕಾರ್ಯಕ್ರಮಗಳಲ್ಲಿ ಹೊಸದೇನೂ ಅಲ್ಲ. ರೋಟರಿಯಲ್ಲಂತೂ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಮನೆಯಲ್ಲಿ ಇರುವುದು ಮಾಮೂಲು.

ಫೋನ್‌ನಲ್ಲಿ ಕನ್ನಡದಲ್ಲೋ ನಮ್ಮ ಕಡೆಯ ತೆಲುಗಿನಲ್ಲೋ ಮಾತಾಡಿದರೆ ಅಲ್ಲಿ ಪಕ್ಕದಲ್ಲಿರುವವರಿಗೆ ತಿಳಿಯುವುದಿಲ್ಲ, ಅದು ನಮಗಿರುವ ಅನುಕೂಲ. "ಊಟ ಆಯ್ತಾ" ಎಂಬಲ್ಲಿಗೇ ನಿಲ್ಲಿಸದೆ, ಇವತ್ತು ಮನೆಗೆ ಯಾರು ಬಂದಿದ್ದರು, ಕಾರಿನಲ್ಲಿ ಯಾರು ಕರೆದುಕೊಂಡು ಹೋದರು, ಕೋಆರ್ಡಿನೇಟರ್ ಈ ತಿಂಗಳು ಮಾತಾಡಿದರಾ ಎಂದು ವಿಚಾರಿಸಿ. ಅಮೆರಿಕದಲ್ಲಿ ತಿಂಗಳಿಗೊಮ್ಮೆ ಮಗುವನ್ನು ಮಾತಾಡಿಸುವುದು ಸಂಸ್ಥೆಯ ಕರ್ತವ್ಯ. ಸಂಸ್ಥೆಯ ನಂಬರ್, ಅಲ್ಲಿಯ ವಿದೇಶಾಂಗ ಇಲಾಖೆಯ ನಂಬರ್ ಇರುವ ಗುರುತಿನ ಕಾರ್ಡನ್ನೂ ಮಗುವಿಗೆ ಕೊಡಬೇಕು. ಅದರ ಫೋಟೋ ನಿಮ್ಮ ಮೊಬೈಲಿನಲ್ಲೂ ಇರಲಿ.

ಈ ವರ್ಷ ಕಳಿಸುತ್ತಿರುವವರು ಹೋಸ್ಟ್ ಫ್ಯಾಮಿಲಿಯ, ಅಂದರೆ ಇರಿಸಿಕೊಳ್ಳುವ ಕುಟುಂಬದ, ಕಾಗದ ತಂದಿದ್ದರೆ ಊಟ ಆದ ಮೇಲೆ ಹೋಗಿಬಿಡಬೇಡಿ. ಮುಂದಿನ ಸಾಲಿಗೆ ಬನ್ನಿ, ಒಂದೊಂದನ್ನೂ ಕೂತು ಓದೋಣ. ಮನೆ ನೋಡಿದವರ ಹೆಸರು, ನೋಡಿದ ತಾರೀಖು ಅದರಲ್ಲಿ ಇಲ್ಲದಿದ್ದರೆ ಇವತ್ತೇ, ಇಲ್ಲಿಂದಲೇ ಸಂಸ್ಥೆಗೆ ಮೇಲ್ ಬರೆಯೋಣ.